ಎಡೆಗೊಂದು ಇಂಜಿನ್ನು

"ಗಾಳಿದು ಬೇಕಾ, ನೀರಿಂದು ಬೇಕಾ?" ಶೌಕತ್ ಕೇಳಿದ.

ಮುನೀಂದ್ರನಿಗೆ ಎರಡರ ವ್ಯತ್ಯಾಸವೇ ಗೊತ್ತಿರಲಿಲ್ಲ. ಶಿವಾಜಿನಗರದ ಆ ಇಕ್ಕಟ್ಟು ಅಂಗಡಿಗೆ ಅವನು ಕಾಲಿಟ್ಟದ್ದೇ ಮೊದಲು. ರಿಮೋಟಿನಲ್ಲಿ ಓಡಿಸುವ ಪುಟ್ಟ ವಿಮಾನ, ಹೆಲಿಕಾಪ್ಟರ್, ದೋಣಿಗಳಿಗೆ ಕೂರಿಸುವ ಪೆಟ್ರೋಲ್ ಇಂಜಿನ್ನುಗಳು ಗಾಜಿನ ಬೀರುವಿನಲ್ಲಿ ಸಾಲಾಗಿದ್ದವು. ಒಂದೊಂದೂ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆಟದ್ದು ಅನ್ನುವುದು ಬರೀ ಮಾತಿಗೆ. ಸ್ಟಾರ್ಟ್ ಮಾಡಿದರೆ ಬೀದಿನಾಯಿಗಳೆಲ್ಲ ಬಾಲ ಮುದುರಿಕೊಂಡು ಓಡಬೇಕು, ಅಂಥ ಸದ್ದು.

"ಯಾವ್ದಾದ್ರೂ ಕೊಡಿ ಭಾಯ್. ನಾಳೆ ಪಿತೃಪಕ್ಷದ ಅಮಾಸೆ. ನಮ್ಮಣ್ಣನ ಎಡೇಲಿ ಇಡಕ್ಕೆ."

ಶೌಕತ್‌ನ ಕೈ ಬೀರುವಿನ ಬಾಗಿಲಲ್ಲೇ ನಿಂತಿತು. "ನೀವು ಹೊರಮಾವು ಅಂಜಿ ಅವ್ರ ತಮ್ಮನಾ?"

ಮುನೀಂದ್ರ ತಲೆಯಾಡಿಸಿದ. ಅಂಜಿ ಎಂದರೆ ಮುನಿಆಂಜನಪ್ಪ. ಹೋದ ವರ್ಷ ಅವನು ಹಾರಿಸುತ್ತಿದ್ದ ವಿಮಾನ ಊರ ಕೆರೆಗೆ ಬಿತ್ತು. ತರುತ್ತೇನೆಂದು ಇಳಿದವನು ಜೊಂಡಿನಲ್ಲಿ ಸಿಕ್ಕಿಕೊಂಡ. ಹೆಣ ಸಿಕ್ಕಿತು, ವಿಮಾನ ಸಿಗಲಿಲ್ಲ. ಅಂದಿನಿಂದ ತಾಯಿ ಪಟಾಲಮ್ಮನ ಕನಸಿಗೆ ಅವನು ಒದ್ದೆ ತಲೆಯಲ್ಲೇ ಬಂದು ನಿಲ್ಲುತ್ತಾನೆ. "ತಲೆ ಒರೆಸ್ಕೊಳ್ಳೋ ಅಂದ್ರೆ ಕೇಳಾಕಿಲ್ಲ. ಆ ಹಾಳು ಇಂಜಿನ್ನು ಹುಡುಕ್ತಾ ನೀರಲ್ಲೇ ಅವ್ನೆ. ಅದೊಂದು ಕೈಗೆ ಸಿಕ್ರೆ ಹೊರಗೆ ಬತ್ತಾನೆ," ಎಂದು ಮುದುಕಿ ದಿನಾ ಅಳುತ್ತಾಳೆ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಇಕ್ಕುವುದು ಅವರ ಮನೆಯ ಪದ್ಧತಿ. ಅಂಜಿಗೆ ಇಂಜಿನ್ನಿಗಿಂತ ಇಷ್ಟವಾದದ್ದು ಇನ್ನೇನಿತ್ತು?

ಶೌಕತ್ ಮೂರನ್ನು ತೆಗೆದು ಮೇಜಿನ ಮೇಲಿಟ್ಟ. "ನೋಡಕ್ಕೆ ಒಂದೇ ತರ, ಆದ್ರೆ ಒಂದ್ರ ಕೆಲಸ ಇನ್ನೊಂದಕ್ಕೆ ಬರಲ್ಲ. ಇದು ವಿಮಾನದ್ದು, ಎದುರುಗಾಳಿಗೇ ತಣ್ಣಗಾಗುತ್ತೆ. ಇದು ಹೆಲಿಕಾಪ್ಟರ್‌ದು, ಅದು ಗಾಳೀಲಿ ನಿಂತಲ್ಲೇ ನಿಲ್ಲುತ್ತಲ್ಲ, ತಣ್ಣಗಾಗಕ್ಕೆ ಬೇರೆ ಫ್ಯಾನೇ ಬೇಕು. ಇದು ದೋಣಿದು. ತಲೇಲಿ ಎರಡು ಪೈಪು ಇದೆ ನೋಡಿ, ಕೆರೆ ನೀರನ್ನ ಒಂದ್ರಲ್ಲಿ ಎಳ್ಕೊಂಡು ಇನ್ನೊಂದ್ರಲ್ಲಿ ಉಗಿಯುತ್ತೆ."

ಕೆರೆ ಎಂದದ್ದೇ ತಡ, ಮುನೀಂದ್ರನ ಮುಖ ಬಿಳಿಚಿಕೊಂಡಿತು. "ನೀರಿನ ಹೆಸರೇ ಎತ್ಬೇಡಿ ಭಾಯ್! ವಿಮಾನದ್ದೇ ಕೊಡಿ. ಅವ್ನು ಹಾರಿಸ್ತಿದ್ದಿದ್ದು ಅದನ್ನೇ ತಾನೆ?"

ಮಾರನೆಯ ದಿನ ಮಟಮಟ ಮಧ್ಯಾಹ್ನ ಎಡೆ ಇಟ್ಟರು. ಬಾಳೆಲೆಯ ತುಂಬ ಮುದ್ದೆ, ಮಟನ್ ಸಾರು. ಪಕ್ಕದಲ್ಲಿ ಹೊಸ ಶರ್ಟು, ಒಂದು ಲೋಟ ನೀರು. ನಡುವೆ ಕುಂಕುಮ ಇಟ್ಟ ಇಂಜಿನ್ನು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ತಾಯಿ ಮಗ ಜಗಲಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಏನೋ ಕೆಮ್ಮಿದ ಹಾಗಾಯಿತು. ಮತ್ತೆ ಇನ್ನೊಂದು ಸಲ. ಇಂಜಿನ್ ಹಿಡಿಯದೆ ಆರಿಹೋಗುವಾಗ ಬರುತ್ತದಲ್ಲ, ಅದೇ ಸದ್ದು.

"ಯಾರ್ದೋ ಬೈಕು ಬಿಡಮ್ಮ," ಎಂದ ಮುನೀಂದ್ರ. ಬೀದಿಯಲ್ಲಿ ಬೈಕಿರಲಿಲ್ಲ. ಇಂಜಿನ್ನಿಗೆ ಒಂದು ತೊಟ್ಟೂ ಪೆಟ್ರೋಲ್ ಹಾಕಿರಲಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಪಟಾಲಮ್ಮನೇ ಎದ್ದು ಬಾಗಿಲು ತೆಗೆದಳು. ಮುದ್ದೆ ಇಟ್ಟಂತೆಯೇ ಇತ್ತು, ಲೋಟದ ನೀರೂ ತುಳುಕಿರಲಿಲ್ಲ. ಆದರೆ ಇಂಜಿನ್ನಿನ ಸುತ್ತ ನೀರು ನಿಂತಿತ್ತು. ಮೇಲೆ ಸೂರು ಒಣಗಿತ್ತು. ಕೋಣೆಯ ತುಂಬ ಕೆರೆಯ ಕೆಸರಿನ ವಾಸನೆ.

ಬೆಳಗಾಗುತ್ತಲೇ ಮುದುಕಿ ಹಠ ಹಿಡಿದು ಮಗನ ಜೊತೆ ಅಂಗಡಿಗೆ ಬಂದಳು. ಶೌಕತ್ ಇಂಜಿನ್ನಿನ ಪ್ಲಗ್ ಬಿಚ್ಚಿ ಬೋರಲು ಹಾಕಿದ. ಕಪ್ಪು ನೀರು ಮೇಜಿನ ಮೇಲೆ ಸುರಿಯಿತು, ಅದರ ಹಿಂದೆಯೇ ಹಸಿರು ಪಾಚಿಯ ಒಂದು ಎಳೆ ಜಾರಿತು.

"ಏನ್ರೀ ಇದು! ನೀರಲ್ಲಿ ಓಡ್ಸಿದ್ರಾ? ಇದು ಗಾಳಿ ಇಂಜಿನ್ ಅಂತ ಅಷ್ಟು ಬಡ್ಕೊಂಡ್ನಲ್ಲ!"

"ಪೆಟ್ರೋಲೇ ಹಾಕಿಲ್ಲ ಭಾಯ್. ಎಡೇಲಿ ಇಟ್ಟಿದ್ದಷ್ಟೆ. ನಮ್ಮಮ್ಮನ್ನೇ ಕೇಳಿ."

ಶೌಕತ್ ಅವನ ಮುಖ ನೋಡಿದ. ಮುದುಕಿಯ ಮುಖ ನೋಡಿದ. "ಯಾ ಅಲ್ಲಾ," ಎಂದು ಸ್ಪ್ಯಾನರನ್ನು ಕೆಳಗಿಟ್ಟ.

"ತಪ್ಪು ನಮ್ದೇ ಕಣಪ್ಪ," ಎಂದಳು ಪಟಾಲಮ್ಮ. ಒದ್ದೆ ಇಂಜಿನ್ನನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಒರೆಸುತ್ತಿದ್ದಳು, ತಲೆಗೆ ನೀರು ಹಾಕಿಸಿಕೊಂಡ ಮಗುವನ್ನು ಒರೆಸುವ ಹಾಗೆ. "ನೀರಲ್ಲಿ ಇರೋನ್ಗೆ ಗಾಳಿದು ಕೊಟ್ರೆ ಏನ್ ಮಾಡ್ತಾನೆ ಪಾಪ? ಹಿಡ್ಕೊಂಡು ನೋಡವ್ನೆ, ಓಡಿಲ್ಲ, ಬಿಟ್ಟೋಗವ್ನೆ. ಇವ್ನು ಹೇಳ್ತಿದ್ನಲ್ಲ, ಆ ಪೈಪಿಂದು ಕೊಡು. ಈ ಸಲ ಕೆರೆ ದಡದಲ್ಲೇ ಇಕ್ತೀನಿ."

ಶೌಕತ್ ದೋಣಿಯ ಇಂಜಿನ್ ತೆಗೆದು ಮೇಜಿನ ಮೇಲಿಟ್ಟ.

"ಇದು ನೀರೊಳಗೇ ಓಡ್ತದಾ?" ಮುದುಕಿ ಕೇಳಿದಳು.

"ಇಲ್ಲಮ್ಮ. ನೀರು ಬರೀ ತಣ್ಣಗಾಗಕ್ಕೆ. ಉಸಿರಾಡಕ್ಕೆ ಇದಕ್ಕೂ ಗಾಳಿನೇ ಬೇಕು. ಮುಳುಗಿದ್ರೆ ನಿಂತೋಗುತ್ತೆ."

ಅದು ಸರಿಯಾದ ಉತ್ತರ ಅನ್ನುವಂತೆ ಪಟಾಲಮ್ಮ ತಲೆದೂಗಿದಳು. ವರ್ಷದಿಂದ ಅಳುತ್ತಿದ್ದ ಮುಖದಲ್ಲಿ ಸಣ್ಣ ನಗು ಬಂದದ್ದು ನೋಡಿ ಮುನೀಂದ್ರ ಒಂದು ಹೆಜ್ಜೆ ಹಿಂದೆ ಸರಿದ.

"ಹಂಗಾದ್ರೆ ಅದನ್ನೇ ಕೊಡಪ್ಪ. ಓಡಿಸ್ಬೇಕು ಅಂದ್ರೆ ಅವ್ನು ಮೇಲಕ್ಕೆ ಬರ್ಲೇಬೇಕಲ್ಲ."