ಸ್ವಿಚ್ಚಿಗೆ ಬಾರದ ಕೆಲಸ

ಕಂಪ್ಯೂಟರ್ ವಿಭಾಗದ ಹೊಸ ಹುಡುಗಿ ಜಿನ್ಸಿ ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ನೆಲಮಾಳಿಗೆಯಿಂದ ಹೊರಟ ತಲೆಯ ಸ್ಕ್ಯಾನ್ ಮೂರನೆಯ ಮಹಡಿಯ ಆಪರೇಷನ್ ಕೋಣೆ ಸೇರಿತ್ತು. ನರ್ಸು ಫೋನಿನಲ್ಲಿ "ಬಂತು ಕಣೇ" ಎಂದಳು.

"ನೋಡಿದ್ರಾ ಸಿಸ್ಟರ್?" ಎಂದು ಜಿನ್ಸಿ ಪಕ್ಕದಲ್ಲಿದ್ದ ಸನ್ಯಾಸಿನಿಯತ್ತ ತಿರುಗಿದಳು. "ವಾರ್ಡಿಂದ ವಾರ್ಡಿಗೆ ದಾರಿ ತೋರಿಸೋದನ್ನೂ ಕಂಪ್ಯೂಟರುಗಳನ್ನ ಜೋಡಿಸೋ ಈ ಹೊಸ ಸ್ವಿಚ್ಚೇ ಮಾಡುತ್ತೆ. ಎಲ್ದೋಸ್ ಚೇಟ್ಟನ ಹಳೇ ರೂಟರ್ ಇನ್ನು ಯಾಕೆ?"

ತ್ರಿಶ್ಶೂರಿನ ಆ ಆಸ್ಪತ್ರೆಯ ಆಡಳಿತ ನೋಡುವ ಸಿಸ್ಟರ್ ಬೆನಿಟ್ಟಾ ಕನ್ನಡಕ ಏರಿಸಿಕೊಂಡರು. ರೂಟರ್ ಇಲ್ಲದೆ ಕೆಲಸ ನಡೆಸುವ ಈ ಪರೀಕ್ಷೆ ಗೆದ್ದರೆ ಜಿನ್ಸಿಯ ನೌಕರಿ ಖಾಯಂ ಎಂದು ಅವರೇ ಹೇಳಿದ್ದರು; ಅವಳೂ ಎಲ್ದೋಸನೂ ಗುತ್ತಿಗೆಯವರು, ಖಾಯಂ ಹುದ್ದೆ ಇದ್ದದ್ದು ಒಂದೇ. "ನಮ್ಮ ಸ್ಕ್ಯಾನ್ ನೋಡಿ ಹೇಳೋ ಮಧುರೈ ಡಾಕ್ಟರಿಗೂ ಒಂದು ಕಳಿಸು, ನೋಡೋಣ."

ಅದೂ ಹೋಯಿತು. ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವ ಹಿರಿಯ ತಂತ್ರಜ್ಞ ಎಲ್ದೋಸ್ ಮೂಲೆಯ ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದ.

"ಭೇಷ್. ನಾಳೆ ಬೆಳಿಗ್ಗೆ ಆ ಹಳೇ ಪೆಟ್ಟಿಗೆ ಕಿತ್ತುಬಿಡಿ," ಎಂದು ಸಿಸ್ಟರ್ ಬಾಗಿಲತ್ತ ಹೊರಟರು.

ಆಗ ಜಿನ್ಸಿಯ ಕಣ್ಣು ಅಲಮಾರಿಯ ಕೆಳಗಿನ ಹಲಗೆಗೆ ಹೋಯಿತು. ರೂಟರಿನ ಹಸಿರು ದೀಪ ಮಿಣುಕುತ್ತಿತ್ತು. ಪರೀಕ್ಷೆಗೆ ಮೊದಲು ಅದರ ತಂತಿಯನ್ನು ಯಾರೂ ಬಿಡಿಸಿರಲೇ ಇಲ್ಲ. ಸುಮ್ಮನಿದ್ದರೆ ನೌಕರಿ ಇವತ್ತೇ ಕೈಗೆ ಬರುತ್ತಿತ್ತು.

"ಸಿಸ್ಟರ್, ಒಂದ್ನಿಮಿಷ," ಎಂದವಳೇ ಬಗ್ಗಿ ರೂಟರಿನ ತಂತಿ ಎಳೆದಳು. ಮತ್ತೆ ಕಳಿಸಿದಳು. ಮೂರನೆಯ ಮಹಡಿಗೆ ಸ್ಕ್ಯಾನ್ ಮೊದಲಿನಂತೆಯೇ ಹೋಯಿತು. ಮಧುರೈಗೆ ಕಳಿಸಿದ್ದು ಮಾತ್ರ ಹೋಗದೆ ಪರದೆಯ ಮೇಲೆ ಸುತ್ತುತ್ತಲೇ ಉಳಿಯಿತು.

"ಏನಿದು ಎಲ್ದೋಸ್?"

"ಮನೆಯೊಳಗೆ ಓಡಾಡೋಕೆ ಸ್ವಿಚ್ ಸಾಕು ಸಿಸ್ಟರ್, ರೂಟರಿಗಿಂತ ಚುರುಕು ಕೂಡ. ಆದ್ರೆ ನಮ್ಮ ಒಳಗಿನ ವಿಳಾಸ ಹೊರಗೆ ಯಾರಿಗೂ ಗೊತ್ತಿಲ್ಲ. ಇಷ್ಟೂ ಕಂಪ್ಯೂಟರಿಗೆ ಹೊರಗಿನವರು ಗುರುತಿಸೋ ಒಂದು ವಿಳಾಸ ಅಂಟಿಸಿ ಕಳಿಸೋದು ರೂಟರು. ಈ ಸ್ವಿಚ್ಚಿಗೆ ಅದು ಬರಲ್ಲ."

"ನಿನಗಿದು ಮೊದಲೇ ಗೊತ್ತಿತ್ತು?"

"ಗೊತ್ತಿತ್ತು."

"ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ. ಹುಡುಗಿ ತಾನೇ ಕಲೀಲಿ, ನಾಳೆ ಗೊತ್ತಾಗುತ್ತೆ ಅಂತ..."

"ನಾಳೆ ಯಾರ ತಲೆ ಸ್ಕ್ಯಾನ್ ಹೀಗೆ ಸುತ್ತುತ್ತಾ ಕೂರ್ತಿತ್ತು, ಚೇಟ್ಟಾ?" ಜಿನ್ಸಿ ಮೆಲ್ಲಗೆ ಕೇಳಿದಳು.

ಸಿಸ್ಟರ್ ಇಬ್ಬರನ್ನೂ ನೋಡಿದರು. "ಇವಳು ತಿಳೀದೆ ತಪ್ಪು ಹೇಳಿದ್ಲು. ನೀನು ತಿಳಿದೂ ಬಾಯಿ ಮುಚ್ಕೊಂಡಿದ್ದೆ. ಈಗ ಹೇಳು, ಯಾರನ್ನ ಖಾಯಂ ಮಾಡಲಿ?"

ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಎಲ್ದೋಸ್ ಎದ್ದು ಅದನ್ನು ಜಿನ್ಸಿಯ ಕಡೆ ತಳ್ಳಿದ.