ಬೀಸಣಿಗೆಯ ಗಾಳಿ

ಇಂದ್ರಾಣಿ ಅನ್ನ ಇಳಿಸಿ ಬರುವಷ್ಟರಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಸಂಜೆಯೊಳಗೆ ನರಸೀಪುರದ ಕಾಲೇಜಿಗೆ ಕೊಡಬೇಕಿದ್ದ ಪ್ರಾಜೆಕ್ಟನ್ನು ಅವಳಿನ್ನೂ ಸೇವ್ ಮಾಡಿರಲಿಲ್ಲ. ಕಸೂತಿ ಬಟ್ಟೆ ಹೊದ್ದಿದ್ದ ಸಿಪಿಯು ಕೆಂಡದಂತೆ ಸುಡುತ್ತಿತ್ತು.

"ದೂಳು ಕೂರ್ಬಾರ್ದು ಅಂತ ನಾನೇ ಒದಿಸ್ದೆ ಕಣವ್ವಾ," ಎನ್ನುತ್ತ ಅತ್ತೆ ಮಂಗಳಮ್ಮ ಬಟ್ಟೆ ಕಿತ್ತೆಸೆದು, ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕತೊಡಗಿದರು. "ಜ್ವರದ ಮಗೀಗೆ ಕಂಬ್ಳಿ ಒದಿಸ್ದಂಗಾಯ್ತಲ್ಲ! ನಿನ್ ಓದು ಆಳಾಗೋಯ್ತಾ?" ಸೊಸೆಯ ಓದಿನ ಬಗ್ಗೆ ಅವರು ಎಂದೂ ಮಾತೆತ್ತಿದವರಲ್ಲ. ಆ ಮೌನವನ್ನು ಇಂದ್ರಾಣಿ ಇಷ್ಟು ದಿನ ಮುನಿಸೆಂದುಕೊಂಡಿದ್ದಳು.

ಅವಳು ಮೌಸ್ ಅಲ್ಲಾಡಿಸಿದಳು. ನಿದ್ದೆಗೆ ಜಾರಿದ್ದ ಪರದೆ ಬೆಳಗಿತು, ಒಂದಕ್ಷರವೂ ಅಳಿಸಿಹೋಗಿರಲಿಲ್ಲ. ಮೊದಲು ಸೇವ್ ಮಾಡಿದಳು.

"ಎದ್ಬುಡ್ತು ಅತ್ತೆ, ಸಾಕು ಬುಡಿ."

"ನೀ ಬರ್ಕೊ. ನಾ ಬೀಸ್ತೀನಿ."

ಇಂದ್ರಾಣಿ ಕೃತಜ್ಞತೆಯ ಪುಟಕ್ಕೆ ಹೋಗಿ, ಪ್ರಾಂಶುಪಾಲರ ಹೆಸರಿಗಿಂತ ಮೇಲೆ ಅತ್ತೆಯ ಹೆಸರು ಬರೆದಳು.