ಕತ್ತರಿಯೋ ಹೊಲಿಗೆಯೋ

ಗಂಡನ ಶಸ್ತ್ರಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಡಾಕ್ಟರ್ ಹಾಲ್ವರ್ಸನ್ ಹೊರಗೆ ಬಂದದ್ದನ್ನು ಕಂಡು ಕೊರೀನ್‌ ಕೂತಲ್ಲಿಂದ ತಟ್ಟನೆ ಎದ್ದಳು.

“ಗಾಬರಿಯಾಗ್ಬೇಡಿ. ನಿಮ್ಮ ಡೆಸ್ಮಂಡ್ ಆರಾಮಾಗಿ ನಿದ್ದೆ ಹೊಡೀತಿದ್ದಾನೆ,” ಎಂದು ಡಾಕ್ಟರು ಮುಖದ ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು. “ಒಂದು ಮಾತು ಕೇಳೋಕೆ ಬಂದೆ. ಮಂಡಿಯ ಎರಡು ಮೂಳೆ ಮಧ್ಯೆ ಇರೋ ಮೆತ್ತೆ ಹರಿದಿದೆ ಅಂದಿದ್ನಲ್ಲ? ಆ ಚೂರನ್ನ ಕತ್ತರಿಸಿ ತೆಗೆದರೆ ನಾಲ್ಕು ವಾರಕ್ಕೆ ಮತ್ತೆ ಮೈದಾನಕ್ಕಿಳೀತಾನೆ. ಆದರೆ ಒಳಗೆ ನೋಡಿದರೆ, ಅದು ಹೊಲಿಯೋಕೂ ಬರೋ ಹಾಗೇ ಹರಿದಿದೆ. ಹೊಲಿದರೆ ಆರು ತಿಂಗಳು ಆಟ ಇಲ್ಲ.”

“ಅವನೇನು ಹೇಳಿದಾನೆ?”

“ಎರಡಕ್ಕೂ ಸಹಿ ಹಾಕಿದಾನೆ. ಹೊಲಿಯೋಕೆ ಬರೋ ಹಾಗಿದ್ರೆ ಕೊರೀನ್‌ನ ಕೇಳಿ, ಅವಳು ಹೇಳಿದ ಹಾಗೆ ಮಾಡಿ ಅಂದ.”

“ಕತ್ತರಿಸಿದರೆ... ಮುಂದೆ?”

“ನಲವತ್ತರ ಹೊತ್ತಿಗೆ ಮೂಳೆಗೆ ಮೂಳೆ ತೀಡೋಕೆ ಶುರುವಾಗುತ್ತೆ. ಮೊದಲೇ ಆದರೂ ಆಗಬಹುದು.” ಡಾಕ್ಟರು ಗೋಡೆಯ ಗಡಿಯಾರ ನೋಡಿದರು. “ಐದು ನಿಮಿಷ ಯೋಚಿಸಿ. ಅದಕ್ಕಿಂತ ಹೆಚ್ಚು ಹೊತ್ತು ಅವನನ್ನ ಹಾಗೇ ಬಿಡೋಕಾಗಲ್ಲ.”

ಬಾಗಿಲು ಮುಚ್ಚಿಕೊಂಡಿತು. ಕೊರೀನ್ ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು, ಕೂತಳು, ಕೂತ ಮರುಕ್ಷಣವೇ ಎದ್ದಳು. ಡೆಸ್ಮಂಡ್ ಟಿಬಡೋಗೆ ಮೂವತ್ತೊಂದು. ವೃತ್ತಿಪರ ಅಮೆರಿಕನ್ ಫುಟ್ಬಾಲಿನಲ್ಲಿ ಇದು ಒಂಬತ್ತನೇ ವರ್ಷ. ಚೆಂಡು ಎಸೆಯುವವನನ್ನು ಕೆಡವಲು ನುಗ್ಗಿ ಬರುವ ಎದುರು ತಂಡದ ದಡಿಯರಿಗೆ ಎದೆಯೊಡ್ಡಿ ನಿಲ್ಲುವುದು ಅವನ ಕೆಲಸ. ಕಳೆದ ಭಾನುವಾರ ಅವನದೇ ತಂಡದವನೊಬ್ಬ ಹಿಂದಿನಿಂದ ಬಂದು ಅವನ ಎಡಗಾಲಿನ ಮೇಲೆ ಬಿದ್ದಿದ್ದ. ಅವತ್ತಿನಿಂದ ಮನೆಯಲ್ಲಿ ಅವನದು ಒಂದೇ ಮಾತು: ಕತ್ತರಿಸಿ ಬಿಸಾಕಲಿ. ಬೆಳಿಗ್ಗೆ ಆಸ್ಪತ್ರೆಗೆ ಬರುವಾಗ ಕಾರಿನಲ್ಲೂ ಅದೇ. “ನಾಲ್ಕೇ ವಾರ ಕಣೆ. ನೆಬ್ರಾಸ್ಕಾದಿಂದ ಬಂದಿದಾನಲ್ಲ ಆ ಹುಡುಗ, ಇಪ್ಪತ್ತೆರಡು ವರ್ಷ, ಒಳ್ಳೆ ಗೋಡೆ ಇದ್ದ ಹಾಗಿದಾನೆ. ನನ್ನ ಜಾಗದಲ್ಲಿ ಆರು ತಿಂಗಳು ನಿಂತ ಅಂದ್ರೆ ಮುಗೀತು. ಗೇಟಿನ ಕಾವಲುಗಾರನೂ ನನ್ನ ಗುರುತು ಹಿಡಿಯಲ್ಲ.”

ಆದರೆ ಅವಳ ಕಣ್ಣ ಮುಂದೆ ಬರುತ್ತಿದ್ದವನು ಕರ್ಟಿಸ್. ಡೆಸ್ಮಂಡನ ಪಕ್ಕದಲ್ಲೇ ನಿಂತು ನಾಲ್ಕು ವರ್ಷ ಆಡಿದವನು, ಎರಡೂ ಮಂಡಿಯ ಮೆತ್ತೆ ಕತ್ತರಿಸಿಕೊಂಡವನು. ಈಸ್ಟರ್ ಊಟಕ್ಕೆ ಬಂದಿದ್ದ. ಅವನಿಗಿನ್ನೂ ನಲವತ್ತಮೂರು. ಮಹಡಿಯಿಂದ ಇಳಿಯುವಾಗ ಬೆನ್ನು ತಿರುಗಿಸಿ, ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. “ಏನಣ್ಣಾ, ಹಡಗಿನಿಂದ ಇಳೀತಿದ್ದೀಯಾ?” ಎಂದು ಡೆಸ್ಮಂಡ್ ಗೇಲಿ ಮಾಡಿದ್ದ. ಕರ್ಟಿಸನೂ ನಕ್ಕಿದ್ದ. ಎಲ್ಲ ಹೋದ ಮೇಲೆ ಡೆಸ್ಮಂಡ್ ಮಾತ್ರ ಅದೇ ಮೆಟ್ಟಿಲ ತುದಿಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಅವಳು ಏನೂ ಕೇಳಿರಲಿಲ್ಲ.

ಹೊಲಿಯಿರಿ ಎಂಬ ಮಾತು ಗಂಟಲಿನವರೆಗೂ ಬಂತು. ಎಚ್ಚರವಾದ ಮೇಲೆ ಅವನು ‘ನನ್ನ ಆಟ ಕಿತ್ಕೊಂಡೆಯಲ್ಲೇ’ ಎಂದುಬಿಟ್ಟರೆ? ಒಂದು ವಾರದಿಂದ ಅವನು ಬಾಯಿಬಿಟ್ಟು ಕೇಳುತ್ತಿರುವುದನ್ನು ಇಲ್ಲ ಅನ್ನಲು ತಾನು ಯಾರು? ಮಂಡಿ ಅವನದು. ಅವನ ಮಾತನ್ನು ಅವನ ಪರವಾಗಿ ತಾನು ಹೇಳಲಿ ಎಂದೇ ಅಲ್ಲವೆ ಅವನು ನಂಬಿ ಮಲಗಿರುವುದು?

ಬಾಗಿಲು ತೆರೆಯಿತು. ಡಾಕ್ಟರು ಹುಬ್ಬನ್ನಷ್ಟೇ ಎತ್ತಿದರು.

“ಕತ್ತರಿಸಿ,” ಎಂದಳು ಕೊರೀನ್.

“ಖಂಡಿತಾನಾ?”

“ಅವನಿಗೆ ಬೇಕಾಗಿರೋದು ಅದೇ.”

ಡಾಕ್ಟರು ತಲೆಯಾಡಿಸಿ ಒಳಗೆ ಹೋದರು.

ಡೆಸ್ಮಂಡ್ ಕಣ್ಣು ಬಿಟ್ಟಾಗ ಹನ್ನೊಂದೂವರೆ. ಇನ್ನೂ ಮಂಪರು. ಅವಳು ಮಾತಾಡುವ ಮೊದಲೇ ಅವನ ದೊಡ್ಡ ಕೈ ಹೊದಿಕೆಯ ಕೆಳಗೆ ತಡಕಾಡುತ್ತ ಮಂಡಿಗೆ ಹೋಯಿತು. ಹೊಲಿದಿದ್ದರೆ ಕಟ್ಟುತ್ತಿದ್ದ ಉದ್ದನೆಯ ಪಟ್ಟಿ ಇರಲಿಲ್ಲ, ಕಬ್ಬಿಣದ ಕಡ್ಡಿಗಳೂ ಇರಲಿಲ್ಲ. ತೆಳ್ಳಗೆ ಒಂದು ಸುತ್ತು ಬಟ್ಟೆ, ಅಷ್ಟೆ.

“ನಾಲ್ಕೇ ವಾರ!” ಕೊರೀನ್ ಅವನ ಹಣೆಗೆ ಮುತ್ತಿಟ್ಟಳು. “ಸಾಯಂಕಾಲವೇ ನಡೀಬಹುದಂತೆ.”

ಅವನು ಚಾವಣಿ ನೋಡುತ್ತಿದ್ದ. “ಹೊಲಿಯೋಕೆ ಬರ್ತಿರಲಿಲ್ವಂತಾ?”

“ಬರ್ತಿತ್ತಂತೆ. ನನ್ನ ಕೇಳಿದ್ರು. ನೀನು ಹೇಳ್ತಿದ್ದುದನ್ನೇ ನಾನೂ ಹೇಳಿದೆ.”

ಡೆಸ್ಮಂಡ್ ಕಣ್ಣು ಮುಚ್ಚಿಕೊಂಡ. ಮತ್ತೆ ನಿದ್ದೆ ಹೋದನೇನೋ ಎಂದುಕೊಂಡಳು. ರೆಪ್ಪೆಯ ಅಂಚಿನಿಂದ ನೀರು ಜಾರಿ ಕಿವಿಯ ಕಡೆ ಇಳಿಯಿತು.

“ಸಾಕು ಅನ್ನೋ ಮಾತು ನನ್ನ ಬಾಯಿಗೆ ಬರಲ್ಲ ಕಣೆ,” ಎಂದ ನಿಧಾನವಾಗಿ. “ಚಿಕ್ಕಂದಿನಿಂದಲೂ ಬಂದಿಲ್ಲ. ನೀನಾದ್ರೂ ಹೇಳ್ತೀಯ ಅಂದ್ಕೊಂಡಿದ್ದೆ.”

ಅಷ್ಟರಲ್ಲಿ ದಿಂಬಿನ ಪಕ್ಕ ಫೋನು ಗುಂಯ್‌ಗುಟ್ಟಿತು. ತಂಡದ ಕೋಚ್. ಡೆಸ್ಮಂಡ್ ಒಂದು ಕೈಯಲ್ಲಿ ಹೆಂಡತಿಯ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದರಲ್ಲಿ ಫೋನನ್ನು ಕಿವಿಗೊತ್ತಿಕೊಂಡ. ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ ಕೋಣೆಯೇ ತುಂಬುವ ಹಾಗೆ ನಕ್ಕ:

“ನಾಲ್ಕು ವಾರ ಯಾಕೆ ಕೋಚ್? ಮೂರೇ ಸಾಕು!”